ಪೋಸ್ಟರ್‌ಗೆ ಭಾರವಾದ ಮುಖಗಳು!

ಜಾತ್ರೆ ಬಂತು, ನಾಟಕ ಬಂತು, ಕಬಡ್ಡಿ ಪಂದ್ಯ ಬಂತು ಅಂದರೆ ಗದಗ-ಬೆಟಗೇರಿಯ ಮುದ್ರಣಾಲಯಗಳಿಗೆ ಪುರುಸೊತ್ತಿಲ್ಲ. ಈ ಅವಳಿ ಪಟ್ಟಣ ಮುದ್ರಣಕ್ಕೆ ಹೆಸರಾದದ್ದು ಇಂದು ನಿನ್ನೆಯಲ್ಲ. ಮೊಳೆ ಜೋಡಿಸುವ ಕಾಲ ಹೋಯಿತು, ಕಂಪ್ಯೂಟರ್ ಬಂತು. ಜೊತೆಗೆ ಹೊಸ ರಗಳೆಯೊಂದು ಗಂಟುಬಿತ್ತು: ಫೈಲಿನ ಭಾರ.

ಹಳ್ಳಿಯ ಯುವಕ ಸಂಘದವರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. "ಡಿಸೈನ್ ರೆಡಿ ಐತ್ರೀ ಅಣ್ಣಾರ, ಸಂಜೀಕ ಐನೂರು ಪ್ರತಿ ಕೊಡ್ರಿ" ಅನ್ನುತ್ತಾರೆ. ಫೈಲ್ ತೆರೆದರೆ ಕಂಪ್ಯೂಟರ್ ಅಲ್ಲೇ ಕುಂತುಬಿಡುತ್ತದೆ. ಭಾರ ಎಲ್ಲಿಯದು? ದೇವರದೂ ಅಲ್ಲ, ತೇರಿನದೂ ಅಲ್ಲ. ಕೆಳಗೆ ಸಾಲಾಗಿ ಕೈಮುಗಿದು ನಿಂತ 'ಶುಭ ಕೋರುವವರು' ಇದ್ದಾರಲ್ಲ, ಅವರದು!

ಲೆಕ್ಕ ನೋಡಿ. ಈಗಿನ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಫೋಟೋ ಎಂದರೆ ಅಡ್ಡ 6000, ಉದ್ದ 4000 ಚುಕ್ಕಿ. ನಾಲ್ಕು ಬಣ್ಣದ ಮುದ್ರಣಕ್ಕೆ ಬಿಚ್ಚಿಕೊಂಡರೆ ಒಂದಕ್ಕೇ 96 ಎಂಬಿ. ಅಂಥ 20 ಮುಖಂಡರನ್ನು ಕೂರಿಸಿದರೆ ಹತ್ತಿರ ಹತ್ತಿರ 2 ಜಿಬಿ. ಪೋಸ್ಟರ್‌ನಲ್ಲಿ ಒಬ್ಬೊಬ್ಬರ ಮುಖ ಎರಡೇ ಇಂಚು! ಚಿತ್ರವನ್ನು ಪರದೆ ಮೇಲೆ ಎಳೆದು ಸಣ್ಣದು ಮಾಡಿದರೆ ಕಣ್ಣಿಗೆ ಸಣ್ಣದಾಗುತ್ತದೆ, ಭಾರ ಹಾಗೇ ಉಳಿಯುತ್ತದೆ. ಇಂಚಿಗೆ 300 ಚುಕ್ಕಿಯಂತೆ ಎರಡು ಇಂಚಿಗೆ 600 ಚುಕ್ಕಿ ಸಾಕು. ಮೊದಲೇ ಅಷ್ಟಕ್ಕೆ ಇಳಿಸಿ ಕೂರಿಸಿದರೆ 20 ಜನರೂ ಸೇರಿ 29 ಎಂಬಿ ಆದಾರು. ಮುಖಂಡರಿಗೂ ಅವಮಾನವಿಲ್ಲ, ಯಂತ್ರಕ್ಕೂ ಉಸಿರು.

ಇಡೀ ಪೋಸ್ಟರಿಗೂ ಇದೇ ನ್ಯಾಯ. 20x30 ಇಂಚಿನ ಕಾಗದಕ್ಕೆ 300ರ ಲೆಕ್ಕದಲ್ಲಿ 216 ಎಂಬಿ. ಗೋಡೆಗೆ ಅಂಟಿಸಿ ದೂರದಿಂದ ನೋಡುವ ಹಿನ್ನೆಲೆ ಚಿತ್ರಕ್ಕೆ 150 ನಡೆದೀತು. ಚುಕ್ಕಿ ಅರ್ಧಕ್ಕೆ ಇಳಿದರೆ ಭಾರ ಇಳಿಯುವುದು ಕಾಲು ಭಾಗಕ್ಕೆ, ಅಂದರೆ 54 ಎಂಬಿಗೆ. ಉದ್ದದಲ್ಲೂ ಅರ್ಧ, ಅಗಲದಲ್ಲೂ ಅರ್ಧ ಆಗುವುದರಿಂದ ಈ ಲಾಭ. ಅಕ್ಷರಗಳನ್ನು ಮಾತ್ರ ಚಿತ್ರ ಮಾಡಬೇಡಿ. ಅಕ್ಷರವಾಗಿಯೇ ಬಿಟ್ಟರೆ ಹಗುರ, ಅಂಚೂ ಚೂಪು.

ಹಗುರ ಮಾಡುತ್ತೇವೆಂದು ಇನ್ನೊಂದು ಕಡೆ ಬೀಳುವವರೂ ಉಂಟು. ವಾಟ್ಸಾಪ್‌ನಲ್ಲಿ ಬರೀ ಫೋಟೋ ಅಂತ ಕಳಿಸಿದರೆ ಅದು ತಾನಾಗಿಯೇ ಹಿಂಡಿ ಸಣ್ಣದು ಮಾಡುತ್ತದೆ. ಮೊಬೈಲಿನಲ್ಲಿ ಮಿಂಚಿದ ಬಸವಣ್ಣ ಗೋಡೆ ಮೇಲೆ ಮಸುಕು! 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ.

ಮತ್ತೊಂದು ಕಂಟಕ ಕನ್ನಡ ಅಕ್ಷರದ್ದು. ನಿಮ್ಮಲ್ಲಿ ಇದ್ದ ನುಡಿ ಫಾಂಟು ಪ್ರೆಸ್ಸಿನಲ್ಲಿ ಇಲ್ಲದಿದ್ದರೆ ದೇವರ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ. ಕೊನೆಗೆ ಅಕ್ಷರಗಳನ್ನು 'ಕರ್ವ್ಸ್' ಮಾಡಿ ಪಿಡಿಎಫ್ ಕೊಡುವುದು ಕ್ಷೇಮ. ಆದರೆ ಆಮೇಲೆ ಕಾಗುಣಿತ ತಿದ್ದಲಾಗದು. ಮೂಲ ಫೈಲ್ ಬೇರೆ ಇಟ್ಟಿರಿ. ಬಣ್ಣವನ್ನು ಸಿಎಂವೈಕೆಗೆ ತಿರುಗಿಸಿ, ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡಿ.

ಇದೆಲ್ಲ ಪ್ರೆಸ್ಸಿನವರ ತಲೆನೋವು, ನಮಗೇನು ಅನ್ನಬೇಡಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ಸರ್ಕಾರ 2016ರಲ್ಲೇ ನಿಷೇಧ ಹಾಕಿದೆ. ಕಾಗದದ ಪೋಸ್ಟರಿಗೆ ಮರ್ಯಾದೆ ಉಳಿದಿದೆ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು. ಪ್ಲೇಟು ಆದ ಮೇಲೆ ತಾರೀಕು ತಪ್ಪಿದ್ದು ಕಂಡರೆ ಮತ್ತೆ ಪ್ಲೇಟು, ಮತ್ತೆ ಕಾಗದ. ಆ ದುಡ್ಡು ಯಾರದು? ಮನೆ ಮನೆಗೆ ಪಾವತಿ ಪುಸ್ತಕ ಹಿಡಿದು ಎತ್ತಿದ ವಂತಿಗೆಯದು.

ಆದ್ದರಿಂದ ಸಂಘದ ಗೆಳೆಯರೇ, ಹಬ್ಬ ನಾಳೆ ಅನ್ನುವಾಗ ಓಡಬೇಡಿ. ಒಂದು ಪ್ರತಿ ಮಾದರಿ ತೆಗೆಸಿ, ನಾಲ್ಕು ಜನ ಕೂತು ಓದಿ, ಆಮೇಲೆ ಸಹಿ ಹಾಕಿ. ಶುಭ ಕೋರುವವರ ಪಟ್ಟಿಯಲ್ಲಿ ನಾಲ್ಕು ತಲೆ ಕಡಿಮೆ ಮಾಡಿದರೆ ಇನ್ನೂ ಹಗುರ. ಆದರೆ ಯಾವ ನಾಲ್ಕು ಎಂಬುದನ್ನು ಮಾತ್ರ ನಮ್ಮನ್ನು ಕೇಳಬೇಡಿ!