ಓಲೆಗರಿಯ ಛಾಯಾಪ್ರತಿಯಲ್ಲಿ ಅಕ್ಷರಸ್ಫುಟತೆ

ಷಟ್ಖಂಡಾಗಮದ ಧವಳಾ ಟೀಕೆಯ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾದಾಗ ಅದಕ್ಕೆ ಆಧಾರವಾಗಿದ್ದುದು ಮೂಲ ತಾಡಪತ್ರವಲ್ಲ, ಅದರಿಂದ ಇಳಿದುಬಂದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಆ ಪ್ರತಿಗಳು ಬಿಟ್ಟಿದ್ದ 'ಸಂಜದ' ಎಂಬ ಪದವು ಮುಂದೆ ಮೂಡಬಿದಿರೆಯ ತಾಡಪತ್ರದಲ್ಲಿ ದೊರೆಯಿತು. ಪ್ರತಿಕಾರನ ಕಣ್ತಪ್ಪು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇಂದು ಪ್ರತಿಕಾರನ ಸ್ಥಾನಕ್ಕೆ ಡಿಜಿಟಲ್ ಕ್ಯಾಮರಾ ಬಂದಿದೆ. ಅದು ಪದವನ್ನು ಬಿಡುವುದಿಲ್ಲ. ಆದರೆ ಅದರ ಚಿತ್ರವನ್ನು ತಿದ್ದುವ ಕೈ, ಓಲೆಯಲ್ಲಿಲ್ಲದ ರೇಖೆಯನ್ನು ಕಾಣಿಸಬಲ್ಲದು.

ಹಸ್ತಪ್ರತಿಗಳ ಚಿತ್ರಣಕ್ಕೆ ಮೀಡಿಯಂ ಫಾರ್ಮ್ಯಾಟ್ ಕ್ಯಾಮರಾ ಉತ್ತಮ ಸಾಧನವೆನಿಸಿದೆ. ಇಂತಹ ಕೆಲವು ಕ್ಯಾಮರಾಗಳ 44×33 ಮಿಲಿಮೀಟರ್ ಅಳತೆಯ ಸಂವೇದಕದಲ್ಲಿ ಉದ್ದಕ್ಕೆ ಸುಮಾರು 11,600 ಪಿಕ್ಸೆಲ್‌ಗಳಿರುತ್ತವೆ. 45 ಸೆಂಟಿಮೀಟರ್ ಉದ್ದದ ಗರಿಯೊಂದನ್ನು ಪೂರ್ಣವಾಗಿ ಚಿತ್ರಿಸಿದರೆ ಒಂದು ಮಿಲಿಮೀಟರಿಗೆ ಸುಮಾರು 26 ಪಿಕ್ಸೆಲ್‌ಗಳು ದೊರೆಯುತ್ತವೆ. ಸಂವೇದಕವು ಗ್ರಹಿಸಿದುದನ್ನು ಸಂಸ್ಕರಿಸದೆ ಉಳಿಸಿಕೊಂಡ ದಾಖಲೆಯೇ 'ರಾ' ಕಡತ. ಇದನ್ನು ಛಾಯಾಪ್ರತಿಯ ಮಾತೃಕೆಯೆನ್ನಬಹುದು.

ಈ ಕಡತವು ಮೊದಲ ನೋಟಕ್ಕೆ ತುಸು ಮೃದುವಾಗಿ ಕಾಣುವುದು ಸಹಜ. ಪ್ರತಿಯೊಂದು ಪಿಕ್ಸೆಲ್ ಕೆಂಪು, ಹಸುರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಬೇಕಾಗುತ್ತದೆ. ಇದಲ್ಲದೆ, ಸುರುಳಿಗೊಂಡ ಗರಿಯ ಅಂಚುಗಳೂ ನಿಚ್ಚಳವಾಗಿ ಬರಲೆಂದು ಮಸೂರದ ದ್ವಾರವನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ, ಬೆಳಕಿನ ಬಿಂದುವು ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಪಿಕ್ಸೆಲ್‌ನ ಅಗಲವಾದರೋ 4 ಮೈಕ್ರಾನಿಗಿಂತ ಕಡಿಮೆ. ಈ ಮೃದುತ್ವವನ್ನು ಸರಿಪಡಿಸುವ ಕ್ರಿಯೆಗೆ ಶಾರ್ಪನಿಂಗ್, ಎಂದರೆ ಸ್ಫುಟೀಕರಣ, ಎಂದು ಹೆಸರು.

ಸ್ಫುಟೀಕರಣವು ಹೊಸ ವಿವರವನ್ನು ತರುವುದಿಲ್ಲವೆಂಬುದು ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶ. ಕಪ್ಪು ಬಿಳುಪುಗಳು ಸಂಧಿಸುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿ, ಬಿಳುಪನ್ನು ಇನ್ನಷ್ಟು ಬಿಳುಪಾಗಿ ಮಾಡುವುದಷ್ಟೇ ಅದರ ಕೆಲಸ. ಎಷ್ಟು ಬಲವಾಗಿ ಎಂಬುದು ಪ್ರಮಾಣ. ಅಂಚಿನಿಂದ ಎಷ್ಟು ದೂರದವರೆಗೆ ಎಂಬುದು ತ್ರಿಜ್ಯ. ಇವೆರಡೂ ಮಿತಿಮೀರಿದಾಗ ಅಕ್ಷರದ ಸುತ್ತ ಬೆಳ್ಳನೆಯ ಪ್ರಭೆಯೊಂದು ಏಳುತ್ತದೆ.

ಇದರಿಂದ ಪಾಠಕ್ಕೆ ಒದಗುವ ಅಪಾಯಗಳು ಎರಡು ಬಗೆಯವು. ಓಲೆಯ ನಾರು ಗರಿಯ ಉದ್ದಕ್ಕೆ ಹರಿಯುತ್ತದೆ. ಅಂತಹ ನಾರೊಂದು 'ಪ'ಕಾರದ ಹೊಟ್ಟೆಯನ್ನು ಹಾಯ್ದಿದ್ದರೆ ಅತಿಸ್ಫುಟ ಚಿತ್ರದಲ್ಲಿ ಅದು ಬರೆದ ಗೆರೆಯಂತೆ ತೋರಿ 'ಪ'ಕಾರವು 'ಷ'ಕಾರವೆನಿಸಬಹುದು. ಇನ್ನೊಂದು, ಮಸಿಯ ಚುಕ್ಕೆಯ ಅಂಚು ಮಾತ್ರ ಕಪ್ಪಾಗಿ ನಡುಭಾಗ ತೆಳುವಾಗಿ ಕಂಡು, ಆಕಸ್ಮಿಕವಾದ ಕಲೆಯು ಸೊನ್ನೆಯಂತೆ ಭಾಸವಾಗುವುದು. ಅನುಸ್ವಾರವೊಂದರಿಂದ ವಚನವೂ ವಿಭಕ್ತಿಯೂ ಬದಲಾಗುವ ಪ್ರಾಕೃತ ಪಾಠಗಳಲ್ಲಿ ಇದು ಅಲ್ಪ ದೋಷವಲ್ಲ.

ಆದಕಾರಣ ಕೆಲವು ನಿಯಮಗಳನ್ನು ಪಾಲಿಸುವುದು ಯುಕ್ತ. ರಾ ಕಡತವನ್ನು ಯಥಾವತ್ತಾಗಿ ರಕ್ಷಿಸಿ, ಸ್ಫುಟೀಕರಣವನ್ನು ಅದರಿಂದ ತೆಗೆದ ಉಪಪ್ರತಿಯಲ್ಲಿ ಮಾತ್ರ ಮಾಡತಕ್ಕದ್ದು. ಅನೇಕ ತಂತ್ರಾಂಶಗಳು ರಾ ಕಡತವನ್ನು ತೆರೆದೊಡನೆ ತಾವಾಗಿಯೇ ಸ್ವಲ್ಪ ಸ್ಫುಟತೆಯನ್ನು ಸೇರಿಸುವುದರಿಂದ ಅದನ್ನು ಮೊದಲು ಶೂನ್ಯಕ್ಕಿಳಿಸಿ ನೋಡಬೇಕು. ಅನಂತರ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲಿಗೆ ಸಮವಾಗುವಂತೆ ಇಟ್ಟುಕೊಂಡು, ತ್ರಿಜ್ಯವನ್ನು ಅರ್ಧದಿಂದ ಒಂದು ಪಿಕ್ಸೆಲ್‌ನೊಳಗೆ ನಿಲ್ಲಿಸಿ, ಪ್ರಭೆ ಕಾಣುವ ಮೊದಲೇ ಕೈ ತಡೆಯಬೇಕು. ಬಳಸಿದ ಅಂಕಿಗಳನ್ನು ಚಿತ್ರದೊಡನೆ ದಾಖಲಿಸಬೇಕು. ಮಸೂರದ ನಾಭಿಯೇ ತಪ್ಪಿದ್ದರೆ ಮತ್ತೆ ಚಿತ್ರ ತೆಗೆಯುವುದೇ ಮಾರ್ಗ. ಕಂಠದಿಂದ ಕೊರೆದು ಮಸಿ ಮಾಸಿಹೋದ ಅಕ್ಷರಗಳಿಗೆ ಸ್ಫುಟೀಕರಣಕ್ಕಿಂತ ಓರೆಯಾಗಿ ಬೀಳುವ ಬೆಳಕು ಹೆಚ್ಚು ಉಪಕಾರಿ.

ಸಂಪಾದಕನು ತನ್ನ ಊಹೆಯನ್ನು ಕಂಸದೊಳಗಿಟ್ಟು ಮೂಲದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆಯೇ ಛಾಯಾಗ್ರಾಹಕನೂ ತನ್ನ ತಿದ್ದುಪಡಿಯನ್ನು ಮಾತೃಕೆಯಿಂದ ಬೇರೆಯಾಗಿರಿಸಬೇಕು. ಸಂದೇಹ ಬಂದ ಅಕ್ಷರವನ್ನು ವಿದ್ವಾಂಸರು ರಾ ಕಡತದಲ್ಲಿ ನೋಡಲಿ. ಅಲ್ಲಿಯೂ ತೀರದಿದ್ದರೆ ಓಲೆಯನ್ನೇ ನೋಡಲಿ.