ಅಂಗಳದ ಹುಲ್ಲುಹಾಸು, ತೋಟದ ಮರುನಾಟಿ: ಮೊದಲು ಮಣ್ಣಿನ ಕೆಲಸ

ಹಂಪಿ ನೋಡಿ ಬಂದ ಬೆಳೆಗಾರರ ಕಣ್ಣು ಶಿಲ್ಪದಷ್ಟೇ ನೆಲದ ಮೇಲೂ ಬಿದ್ದಿರುತ್ತದೆ. ಕಲ್ಲು ಕಾಯುವ ಆ ಬಿಸಿಲಿನಲ್ಲಿ ಕಮಲ ಮಹಲಿನ ಸುತ್ತ ಹುಲ್ಲುಹಾಸು ಇದೆ. ಹಂಪಿ ಬಜಾರಿನ ಆಸುಪಾಸಿನಲ್ಲಿ ವಿಜಯನಗರದ ಕಾಲದ ತುರ್ತು ಕಾಲುವೆಯ ನೀರಿನಿಂದ ಇಂದಿಗೂ ಬಾಳೆ, ಭತ್ತ ಬೆಳೆಯುತ್ತಿವೆ. ನಮ್ಮ ಅಂಗಳದಲ್ಲೂ ಹುಲ್ಲು ಹಾಕೋಣ, ಸತ್ತ ಅಡಿಕೆ ಮರದ ಜಾಗಕ್ಕೆ ಬೇಗ ಸಸಿ ಇಡೋಣ ಎಂಬ ಆತುರ ಸಹಜ. ಎರಡಕ್ಕೂ ಮೊದಲು ಮಣ್ಣನ್ನು ಹದಗೊಳಿಸಬೇಕು.

ಹುಲ್ಲುಹಾಸಿನ ಮುಖ್ಯ ಶತ್ರು ಕೊನ್ನಾರಿ ಗಡ್ಡೆ. ನೆಲವನ್ನು ಸುಮಾರು ಒಂದು ಅಡಿ ಅಗೆದು ಗಡ್ಡೆ ಆರಿಸಿ, ನೀರು ಕೊಟ್ಟು ಎರಡು ವಾರ ಸುಮ್ಮನೆ ಬಿಡಬೇಕು. ಉಳಿದ ಗಡ್ಡೆ ಮೊಳೆತಾಗ ಮತ್ತೆ ಕೀಳಬೇಕು. ಹೀಗೆ ಎರಡು ಮೂರು ಸಲ ಮಾಡದೆ ಹುಲ್ಲು ನೆಟ್ಟರೆ ವರ್ಷದೊಳಗೆ ಅಂಗಳವೆಲ್ಲ ಕೊನ್ನಾರಿಯೇ. ಬಳಿಕ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಮನೆಯಿಂದ ಹೊರಕ್ಕೆ ನೀರು ಹರಿಯುವಂತೆ ಇಳಿಜಾರು ಕೊಟ್ಟು, ಗರಿಕೆಯ ಬೇರುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ಊರುವುದು. ಗರಿಕೆಗೆ ಪೂರ್ಣ ಬಿಸಿಲು ಬೇಕು. ಹೊಸಪೇಟೆ ಸೀಮೆಗೆ ಅದು ಹೇಳಿ ಮಾಡಿಸಿದ ಹುಲ್ಲು. ಮಲೆನಾಡಿನ ನೆರಳು, ಹುಳಿ ಮಣ್ಣುಗಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲೇ ವಾಸಿ. ನಮ್ಮಲ್ಲಿ ಜಡಿಮಳೆ ಇಳಿದ ಮೇಲೆ ನೆಡಬೇಕು, ಇಲ್ಲವಾದರೆ ಮಣ್ಣೇ ಕೊಚ್ಚಿ ಹೋದೀತು. (ತೋಟದಲ್ಲಿ ಶಪಿಸಿ ಕೀಳುವ ಗರಿಕೆಯನ್ನೇ ಚೌತಿಯ ದಿನ ಹುಡುಕಿಕೊಂಡು ಹೋಗುವವರು ನಾವು!)

ಹುಲ್ಲುಹಾಸಿನ ಅಂಚಿಗೆ ಅಂದಕ್ಕೆಂದು ಗುಲ್‌ಮೊಹರ್ ನೆಡುವವರಿಗೆ ಒಂದು ಎಚ್ಚರಿಕೆ. ಅಡಿಕೆಯ ಅಣಬೆ ರೋಗದ ಶಿಲೀಂಧ್ರಕ್ಕೆ ಈ ಮರವೂ ಹೊಂಗೆಯೂ ಆಶ್ರಯ ಕೊಡುತ್ತವೆ. ತೋಟದ ಪಕ್ಕದಲ್ಲಿ ಇವೆರಡೂ ಬೇಡ.

ಅಣಬೆ ರೋಗದಿಂದ ಸತ್ತ ಮರವನ್ನು ಕಡಿದು ಬುಡ ಬಿಟ್ಟರೆ ರೋಗವನ್ನು ಸಾಕಿದಂತೆ. ಶಿಲೀಂಧ್ರ ಉಳಿಯುವುದು ಆ ಬುಡದಲ್ಲಿ, ಬೇರುಗಳಲ್ಲಿ. ಬುಡವನ್ನು ಬೇರುಸಹಿತ ಕಿತ್ತು ಅಲ್ಲೇ ಸುಡಬೇಕು. ಆ ಜಾಗದ ಸುತ್ತ ಎರಡು ಅಡಿ ಆಳದ ಕಂದಕ ತೆಗೆದು ನೆರೆಮರಗಳ ಬೇರಿನ ಸಂಪರ್ಕ ತಪ್ಪಿಸಬೇಕು. ಬಸಿಗಾಲುವೆ ಹೂಳು ತುಂಬಿದ್ದರೆ ಇದೆಲ್ಲ ವ್ಯರ್ಥ, ನೀರು ನಿಲ್ಲುವ ತೋಟಕ್ಕೇ ಈ ರೋಗದ ಬಾಧೆ ಹೆಚ್ಚು. ಒಂದು ಮಳೆಗಾಲ ನೆಲಕ್ಕೆ ಬಿಡುವು ಕೊಟ್ಟು, ಅಪ್ಸೆಣಬು ಬಿತ್ತಿ ಹೂ ಬರುವಾಗ ಮಣ್ಣಿಗೆ ಸೇರಿಸಿರಿ. ಒಂದು ವರ್ಷದ ಫಸಲು ಹೋಯಿತೆಂದು ಅನ್ನಿಸಬಹುದು. ಆದರೆ ಅಡಿಕೆ ಸಸಿ ಐದಾರು ವರ್ಷ ಸಾಕಿದ ಮೇಲೆ ಸತ್ತರೆ ಆಗುವ ನಷ್ಟದ ಮುಂದೆ ಅದು ಲೆಕ್ಕಕ್ಕಿಲ್ಲ.

ಮಣ್ಣಿನ ಮಾದರಿಯನ್ನು ಸುಣ್ಣ, ಗೊಬ್ಬರ ಹಾಕುವ ಮೊದಲೇ ಪರೀಕ್ಷೆಗೆ ಕಳುಹಿಸಬೇಕು. ಹೊಸ ಗುಂಡಿಯನ್ನು ಹಳೆಯ ಬುಡದ ಮೇಲೆ ತೆಗೆಯದೆ ಎರಡು ಸಾಲುಗಳ ನಡುವೆ, 2.7 ಮೀಟರ್ ಅಂತರದಲ್ಲಿ, 90 ಸೆಂಟಿಮೀಟರ್ ಉದ್ದ, ಅಗಲ, ಆಳಕ್ಕೆ ತೆಗೆಯಿರಿ.

ಎಳೆ ಅಡಿಕೆಗೆ ನೆರಳಾಗಲೆಂದು ಬಾಳೆ ಇಡುವಾಗ ಕಂದು ಎಲ್ಲಿಂದ ಬಂತೆಂದು ವಿಚಾರಿಸಬೇಕು. ಪನಾಮ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ರಸಬಾಳೆ, ಪುಟ್ಟಬಾಳೆಗಳು ಬೇಗ ತುತ್ತಾಗುತ್ತವೆ. ಕಾಲುವೆಯ ಕೆಳಗಿನ ಭೂಮಿಯವರು ಬಾಳೆಯ ನಂತರ ಭತ್ತ ಹಾಕಿ ನೀರು ನಿಲ್ಲಿಸಿದರೆ ರೋಗ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಡಿಕೆ ತೋಟದಲ್ಲಿ ಆ ದಾರಿಯೂ ಇಲ್ಲವಾದ್ದರಿಂದ ಸೊರಗಿದ ತೋಟದ ಕಂದು ಪುಕ್ಕಟೆ ಸಿಕ್ಕರೂ ತರಬಾರದು.