ಕೆಟ್ಟ ಡಿಸ್ಕು, ಕೆಡದ ಮಾಹಿತಿ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಬರಹವು ಉಳಿಯಬೇಕಾದರೆ ಅದು ಒಂದೇ ಕಡೆ ಇರಬಾರದು. ಇಂದು ನಮ್ಮ ಬರಹದ ಬಹುಪಾಲು ಗಣಕಯಂತ್ರದ ಡಿಸ್ಕುಗಳಲ್ಲಿದೆ. ಡಿಸ್ಕಾದರೋ ಯಂತ್ರ, ಎಂದಾದರೊಂದು ದಿನ ಕೆಡತಕ್ಕದ್ದೇ.

ಎಲ್ಲಕ್ಕೂ ನಕಲಿಟ್ಟರೆ ಡಿಸ್ಕುಗಳ ವೆಚ್ಚ ಇಮ್ಮಡಿಯಾಗುತ್ತದೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಅಗ್ಗದ ಡಿಸ್ಕುಗಳನ್ನು ಕೂಡಿಸಿ ಬಳಸುವ ಹಲವು ಕ್ರಮಗಳನ್ನು ವಿವರಿಸಿದರು. ಇವಕ್ಕೆ ‘ರೇಡ್’ ಎಂದು ಹೆಸರು.

ಅವುಗಳಲ್ಲೊಂದರ ಗುಟ್ಟನ್ನು ನೋಡೋಣ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಎಂಬ ಅಂಕಿಗಳಿವೆಯೆನ್ನೋಣ. ನಾಲ್ಕನೆಯದರಲ್ಲಿ ಒಂದು ತಾಳೆಯಂಕಿಯನ್ನು ಬರೆಯುತ್ತೇವೆ. ನಾಲ್ಕರಲ್ಲೂ ಸೇರಿ 1ರ ಸಂಖ್ಯೆ ಸರಿಸಂಖ್ಯೆಯಾಗಿರಬೇಕೆಂಬುದು ನಿಯಮ. ಆದುದರಿಂದ ಇಲ್ಲಿ ತಾಳೆಯಂಕಿ 0. ಎರಡನೆಯ ಡಿಸ್ಕು ಕೆಟ್ಟಿತು. ಉಳಿದವು 1, 1, 0. ಇವುಗಳಲ್ಲಿ 1ರ ಸಂಖ್ಯೆ ಈಗಾಗಲೇ ಸರಿಯಾಗಿರುವುದರಿಂದ ಕಳೆದುಹೋದ ಅಂಕಿ 0 ಆಗಿರಲೇಬೇಕು! ಒಂದು ಹೆಚ್ಚಿನ ಡಿಸ್ಕು ಮೂರನ್ನು ಕಾಯಿತು.

ಆದರೆ ಇಲ್ಲೊಂದು ಕಂಡಿಯಿದೆ. ಅಂಕಿಯನ್ನು ಬದಲಿಸಿ, ತಾಳೆಯಂಕಿಯನ್ನು ತಿದ್ದುವ ಮೊದಲೇ ವಿದ್ಯುತ್ತು ಹೋದರೆ? ಎರಡಕ್ಕೂ ತಾಳೆ ತಪ್ಪುತ್ತದೆ. ಮುಂದೆ ಮತ್ತೊಂದು ಡಿಸ್ಕು ಕೆಟ್ಟಾಗ, ಯಾರೂ ಮುಟ್ಟದಿದ್ದ ಮಾಹಿತಿಯೂ ತಪ್ಪಾಗಿ ಹಿಂದಿರುಗುತ್ತದೆ. 2016ರಲ್ಲಿ ಹೊರಬಂದ ಲಿನಕ್ಸ್ 4.4ರಲ್ಲಿ, ಬರೆಯಬೇಕಾದುದನ್ನು ಮೊದಲು ಒಂದು ದಿನಚರಿಯಲ್ಲಿ ಗುರುತಿಸಿಕೊಳ್ಳುವ ಏರ್ಪಾಡು ಸೇರಿತು.

ಲಿನಕ್ಸಿನ ತಂತ್ರಾಂಶವು ಮುಕ್ತವಾದುದು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ದೂರ ದೂರದಲ್ಲಿರುವವರು ಕೂಡಿ ದುಡಿಯುವ ಬಗೆ ಹೇಗೆ? ಬೀದರಿನ ನೌಬಾದದಲ್ಲಿ ಬಹಮನಿಯರ ಕಾಲದ ಕಾರೇಜ್ ಎಂಬ ಸುರಂಗ ಕಾಲುವೆಯಿದೆ. ಇಂಥ ಕಾಲುವೆಗೆ ಅಲ್ಲಲ್ಲಿ ಬಾವಿಗಳನ್ನು ತೋಡಿ, ಅವುಗಳ ತಳವನ್ನು ಸುರಂಗದಿಂದ ಜೋಡಿಸುತ್ತಾರೆ. ಇಳಿಜಾರು ಮೊದಲೇ ನಿಶ್ಚಯವಾಗದಿದ್ದರೆ ತೋಡಿದ ತುಂಡುಗಳಲ್ಲಿ ನೀರು ಹರಿಯದು. ಹಾಗೆಯೇ ಇಲ್ಲಿ ಡಿಸ್ಕಿನ ಮೇಲೆ ಬರೆಯುವ ವಿನ್ಯಾಸವನ್ನು ಮೊದಲು ಒಪ್ಪಿಕೊಳ್ಳಬೇಕು. ಕಾರ್ಯಕ್ರಮದ ತಪ್ಪನ್ನು ನಾಳೆ ತಿದ್ದಬಹುದು. ಲಕ್ಷಾಂತರ ಡಿಸ್ಕುಗಳಲ್ಲಿ ಆಗಲೇ ಬರೆದಾದ ವಿನ್ಯಾಸವನ್ನು ಬದಲಿಸುವುದು ಬಹಳ ಕಷ್ಟ. ಬಳಿಕ ಕೆಲಸವನ್ನು ಹಂಚಿಕೊಂಡು, ಒಬ್ಬರು ಬರೆದುದನ್ನು ಇನ್ನೊಬ್ಬರು ಪರೀಕ್ಷಿಸಿ, ಬೇಕೆಂದೇ ಡಿಸ್ಕನ್ನು ಕಿತ್ತು, ವಿದ್ಯುತ್ತನ್ನು ಕಡಿದು ನೋಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. 1472ರಲ್ಲಿ ಬೀದರಿನಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆನ್ನುತ್ತಾರೆ. 1696ರ ಸ್ಫೋಟದಲ್ಲಿ ಆ ಕಟ್ಟಡದ ಒಂದು ಭಾಗವೇ ಕುಸಿಯಿತು. ಡಿಸ್ಕು ಕೆಟ್ಟರೆ ರೇಡ್ ಕಾಯುತ್ತದೆ. ಮನೆಯೇ ಬಿದ್ದರೆ ಕಾಯದು. ಆದುದರಿಂದ ಬೇರೊಂದು ಊರಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು.